ಬಾಯಿ ಬಿಟ್ಟ ಬೂಟು

ದಂತವೈದ್ಯರು ಪ್ರಶ್ನೆ ಕೇಳುವುದು ನಮ್ಮ ಬಾಯಿಯೊಳಗೆ ಅವರ ಎರಡು ಕೈ, ಒಂದು ಪುಟ್ಟ ಕನ್ನಡಿ, ಎಂಜಲು ಹೀರುವ ಒಂದು ನಳಿಗೆ ಎಲ್ಲವೂ ಇರುವಾಗಲೇ. ಬಾಯಿ ಖಾಲಿ ಇದ್ದಾಗ ಅವರಿಗೆ ನಮ್ಮ ಬಗ್ಗೆ ಎಳ್ಳಷ್ಟೂ ಕುತೂಹಲ ಇರುವುದಿಲ್ಲ. ಮೊನ್ನೆ ನನ್ನ ಕೆಳದವಡೆಗೆ ಮರಗಟ್ಟಿಸುವ ಸೂಜಿ ಚುಚ್ಚಿ, ಹಲ್ಲು ಕೊರೆಯುವ ಯಂತ್ರವನ್ನು ಕೈಗೆತ್ತಿಕೊಂಡ ಡಾಕ್ಟರಮ್ಮ, "ನೀವು ಬಹಳ ದೇಶ ಸುತ್ತಿದ್ದೀರಂತೆ. ಯಾವ ದೇಶ ತುಂಬಾ ಇಷ್ಟವಾಯಿತು?" ಎಂದರು.

"ಆ," ಎಂದೆ.

"ಆಸ್ಟ್ರೇಲಿಯಾವೇ? ಚೆನ್ನಾಗಿದೆಯಂತೆ."

ನಾನು ಆಸ್ಟ್ರೇಲಿಯಾಕ್ಕೆ ಹೋಗಿಯೇ ಇಲ್ಲ. ಅಲ್ಲವೆಂದು ತಲೆಯಾಡಿಸೋಣವೆಂದರೆ ಯಂತ್ರ ಆಗಲೇ ಹಲ್ಲಿನ ಮೇಲೆ ಕೂತು ಗುಂಯ್‌ಗುಡುತ್ತಿತ್ತು. ಮಾಡದ ಪ್ರವಾಸವನ್ನು ಒಪ್ಪಿಕೊಂಡವನಂತೆ ಚಾವಣಿಯ ದೀಪ ನೋಡುತ್ತ ಮಲಗಿದೆ. ಮುಂದಿನ ಮುಕ್ಕಾಲು ಗಂಟೆ ಮನಸ್ಸಿನಲ್ಲೇ ಸರಿಯಾದ ಉತ್ತರವೊಂದನ್ನು ಹೊಸೆದೆ. ಅದನ್ನು ಅಲ್ಲಿ ಹೇಳಲಾಗಲಿಲ್ಲವಾದ್ದರಿಂದ ಇಲ್ಲಿ ಹೇಳುತ್ತೇನೆ.

ಮೊದಲಿಗೆ, ಈ ಪ್ರಶ್ನೆಯೇ ನನಗೆ ಆಗದು. ಕೇಳುವವರಿಗೆ ಬೇಕಾಗಿರುವುದು ಒಂದೇ ಪದ. 'ಸ್ವಿಟ್ಜರ್ಲೆಂಡ್' ಎಂದುಬಿಟ್ಟರೆ, ತಾವು ಅಂದುಕೊಂಡದ್ದೇ ನಿಜವಾಯಿತೆಂದು ತೃಪ್ತಿಯಿಂದ ತಲೆದೂಗಿ ಬೇರೆ ಮಾತಿಗೆ ಹೋಗುತ್ತಾರೆ. ಅಪ್ಪಿತಪ್ಪಿ 'ಅಲ್ಬೇನಿಯಾ' ಎಂದು ನೋಡಿ. ಪಾಪ, ಕೈಯಲ್ಲಿ ಕಾಸು ಸಾಲದೆ ಅಲ್ಲಿಗೆ ಹೋದರೇನೋ ಎಂಬ ಮರುಕ ಅವರ ಕಣ್ಣಿನಲ್ಲಿ ಸುಳಿಯುತ್ತದೆ.

ಇವರನ್ನಾದರೂ ಸಹಿಸಬಹುದು. ಎಣಿಕೆಯವರನ್ನು ಸಹಿಸಲಾಗದು. ನನ್ನ ಪರಿಚಿತರೊಬ್ಬರು ನಡುಮನೆಯ ಗೋಡೆಗೆ ದೊಡ್ಡದೊಂದು ಜಗತ್ತಿನ ಭೂಪಟ ಅಂಟಿಸಿ, ಕಾಲಿಟ್ಟ ದೇಶಕ್ಕೆಲ್ಲ ಕೆಂಪು ಗುಂಡುಪಿನ್ನು ಚುಚ್ಚಿದ್ದಾರೆ. ಬರೀ 44 ಹೆಕ್ಟೇರಿನ ವ್ಯಾಟಿಕನ್ ಮೇಲೆ ಪಿನ್ನು ಚುಚ್ಚಿದಾಗ ಅದರ ತಲೆ ರೋಮ್ ನಗರವನ್ನೂ ಸುತ್ತಲಿನ ಅರ್ಧ ಇಟಲಿಯನ್ನೂ ನುಂಗಿಹಾಕಿತು. ವಿಮಾನ ಬದಲಿಸಲು ಮೂರು ಗಂಟೆ ಕೂತ ನಿಲ್ದಾಣಗಳೂ ಅವರ ಲೆಕ್ಕಕ್ಕೆ ದೇಶಗಳೇ. ಕೆಟ್ಟಬುದ್ಧಿಯಿಂದ ಒಮ್ಮೆ ನಾನೇ ಅವರಿಗೆ ಬಾರ್ಲೆ ಎಂಬ ಊರಿನ ಸುದ್ದಿ ಹೇಳಿದೆ. ನೆದರ್‌ಲೆಂಡ್ಸ್ ನೆಲದೊಳಗೆ ಬೆಲ್ಜಿಯಮ್‌ಗೆ ಸೇರಿದ 22 ತುಂಡುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿರುವ ಊರು ಅದು. ಕಾಲುದಾರಿಯ ಮೇಲೆ ಬಿಳಿಯ ಶಿಲುಬೆ ಗುರುತಿನ ಸಾಲೇ ಅಂತರರಾಷ್ಟ್ರೀಯ ಗಡಿ. ಮುಂಬಾಗಿಲು ಯಾವ ದೇಶದಲ್ಲಿದೆಯೋ ಮನೆ ಆ ದೇಶದ್ದು. ಗಡಿ ಸರಿಯಾಗಿ ಬಾಗಿಲ ನಡುವೆಯೇ ಹಾದುಹೋಗುವ ಒಂದು ಮನೆಗೆ ಎರಡು ಮನೆ ಸಂಖ್ಯೆ. ಇವರು ಹೋದರು. ಕುಂಟೆಬಿಲ್ಲೆ ಆಡುವ ಮಕ್ಕಳಂತೆ ಆ ಶಿಲುಬೆಗಳ ಆಚೆ ಈಚೆ ಕಾಲುಗಂಟೆ ಜಿಗಿದರು. ಮರಳಿ ಬಂದು, "ಪ್ರತಿ ಸಲವೂ ಬೇರೆ ಬೇರೆ ಭೇಟಿ ಎಂದು ಹಿಡಿಯಬಹುದಲ್ಲವೇ?" ಎಂದು ನನ್ನನ್ನೇ ಕೇಳಿದರು. ತಮಾಷೆಗಲ್ಲ.

ಹಾಗಾದರೆ ನಿನಗೆ ಇಷ್ಟವಾದದ್ದು ಯಾವುದು ಎನ್ನುತ್ತೀರಿ. ಹೇಳುತ್ತೇನೆ, ಅದಕ್ಕೇ ಬರುತ್ತಿದ್ದೇನೆ. ಪ್ಯಾರಿಸ್‌ನ ಲೂವ್ರ್‌ನಲ್ಲಿ 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲದ ಮೋನಾಲಿಸಾಳನ್ನು ಎತ್ತಿ ಹಿಡಿದ ನೂರಾರು ಮೊಬೈಲ್‌ಗಳ ಸಂದಿಯಲ್ಲಿ ನೋಡಿದೆ. ನಿಜ ಹೇಳಬೇಕೆಂದರೆ ನೋಡಿದ್ದು ಮುಂದಿದ್ದವರ ಮೊಬೈಲ್ ಪರದೆಯಲ್ಲಿ. ಇಸ್ತಾಂಬುಲ್‌ನಲ್ಲಿ ಎಮಿನೋನು ಕಟ್ಟೆಯಿಂದ ದೋಣಿ ಹತ್ತಿ ಕಡಿಕೊಯ್‌ನಲ್ಲಿ ಇಳಿದರೆ ಯುರೋಪು ಮುಗಿದು ಏಷ್ಯಾ ಬಂದಿರುತ್ತದೆ. ಟುಲಿಪ್ ಹೂವಿನಂತೆ ನಡು ಸಣ್ಣಗಾದ ಗಾಜಿನ ಲೋಟದ ಚಹಾ ಆರುವಷ್ಟರಲ್ಲಿ ಖಂಡಾಂತರ. ಆ ದೋಣಿಯ ಬೆಂಚಿನ ಮೇಲೆ ಬೂದು ಬಣ್ಣದ ಬೆಕ್ಕೊಂದು ಕಾಲು ಚಾಚಿ ಮಲಗಿತ್ತು. ಒಬ್ಬರಲ್ಲ, ನಾಲ್ವರು ಹಿರಿಯರು ಅದನ್ನು ಎಬ್ಬಿಸದೆ ದಾರಿಯುದ್ದಕ್ಕೂ ನಿಂತೇ ಇದ್ದರು. ನಾನೂ ನಿಂತೆ. ಹಾಗೆಂದು ಟರ್ಕಿ ನನ್ನ ಮೆಚ್ಚಿನ ದೇಶ ಎನ್ನಲೇ? ಬೆಕ್ಕನ್ನು ಮೆಚ್ಚಿದೆ ಎನ್ನಬಹುದು. ಇಟಲಿಯ ಬಗ್ಗೆ ನಾನು ಮಾತನಾಡುವುದಿಲ್ಲ. ಅಲ್ಲಿ ಇದ್ದದ್ದು ಒಂದೂವರೆ ದಿನ. ಅದರಲ್ಲಿ ಅರ್ಧ ದಿನ, ದುಡ್ಡು ಕೊಟ್ಟು ಕೊಂಡ ರೈಲು ಟಿಕೆಟ್‌ಗೆ ಹತ್ತುವ ಮೊದಲು ಯಂತ್ರದಲ್ಲಿ ಮುದ್ರೆ ಹೊಡೆಸಲಿಲ್ಲ ಎಂಬ ತಪ್ಪಿಗೆ ದಂಡ ತೆರುವುದರಲ್ಲಿ, ಮಿಕ್ಕದ್ದು ಆ ದಂಡದ ಬಗ್ಗೆ ಗೊಣಗುವುದರಲ್ಲಿ ಕಳೆಯಿತು. ಟಿಕೆಟ್ ಕೊಂಡವನಿಗೆ ಕೊಳ್ಳದವನ ಶಿಕ್ಷೆ! ಇರಲಿ.

ಜಪಾನ್ ವಿಷಯಕ್ಕೆ ಬರೋಣ.

ಜಪಾನಿಗೆಂದೇ ನಾನೊಂದು ಜೋಡಿ ಬೂಟು ತೆಗೆದಿಟ್ಟಿದ್ದೆ. ಆರು ವರ್ಷದ ಹಿಂದೆ ಕೊಂಡದ್ದು. ಒಳ್ಳೆಯ ಬೂಟು, ದಿನಾ ಹಾಕಿ ಸವೆಸುವುದೇಕೆ, ದೂರದ ಪ್ರವಾಸಕ್ಕೆ ಆಗುತ್ತದೆ ಎಂದು ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲೇ ಇಟ್ಟಿದ್ದೆ. ಕ್ಯೋಟೋ ತಲುಪಿದ ಮರುದಿನ ಅದನ್ನು ಹಾಕಿಕೊಂಡು ಫುಶಿಮಿ ಇನಾರಿ ಬೆಟ್ಟ ಹತ್ತಿದೆವು. ಎತ್ತರ ಹೆಚ್ಚಿಲ್ಲ, 233 ಮೀಟರ್. ದಾರಿಯುದ್ದಕ್ಕೂ 'ತೋರಿ' ಎಂಬ ಸಾವಿರಾರು ಕೇಸರಿಗೆಂಪು ದೇಗುಲದ ಕಮಾನುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಅವುಗಳನ್ನು ಹರಕೆಯಾಗಿ ಕೊಟ್ಟ ವ್ಯಾಪಾರಿಗಳ, ಕಂಪನಿಗಳ ಹೆಸರನ್ನು ಕಂಬದ ಹಿಂಬದಿಯಲ್ಲಿ ಕೆತ್ತಿರುತ್ತಾರೆ. ಹತ್ತುವಾಗ ಬರೀ ಬಣ್ಣ, ಇಳಿಯುವಾಗ ಬರೀ ಹೆಸರು. ನಾನು ಹೆಸರುಗಳ ಕಡೆಗೆ ಇಳಿಯುತ್ತಿದ್ದಾಗ ಬಲಗಾಲು ಯಾಕೋ ಪಟಪಟ ಎಂದಿತು. ನೋಡಿದರೆ ಬೂಟಿನ ಅಟ್ಟೆ ಮುಂಭಾಗದಲ್ಲಿ ಕಳಚಿ ಮೊಸಳೆಯಂತೆ ಬಾಯಿ ಬಿಟ್ಟಿದೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಎಡಗಾಲಿನದೂ ಸಹಾನುಭೂತಿ ತೋರಿಸಿತು. ಒಳಗಿನಿಂದ ಒಣಗಿದ ಬ್ರೆಡ್ಡಿನ ಚೂರಿನಂಥ ಪುಡಿ ಉದುರಿ, ದಾರಿ ತಪ್ಪಬಾರದೆಂದು ಗುರುತು ಹಾಕಿಕೊಂಡು ಬಂದವನ ಹಾಗೆ ಹಿಂದೆ ಒಂದು ಸಾಲು ಬಿದ್ದಿತ್ತು.

ಆಮೇಲೆ ತಿಳಿಯಿತು. ಅಟ್ಟೆಗೆ ಹಾಕುವ ಪಾಲಿಯುರಿಥೇನ್ ಗಾಳಿಯಲ್ಲಿನ ತೇವಕ್ಕೇ ಒಳಗೊಳಗೆ ಒಡೆಯುತ್ತ ಹೋಗುತ್ತದಂತೆ. ಪೆಟ್ಟಿಗೆಯಲ್ಲಿ ಜೋಪಾನವಾಗಿ ಮುಚ್ಚಿಟ್ಟರೂ ಬಿಡುವುದಿಲ್ಲ. ಆರು ವರ್ಷ ಹಳೆಯ ಬೂಟಿನಲ್ಲಿ ಕಲ್ಲು ತುಳಿದ ನನಗೆ ಈ ರಸಾಯನಶಾಸ್ತ್ರವನ್ನು ಮೊದಲೇ ಹೇಳುವ ಮರ್ಯಾದೆ ಮಾರಿದವರಿಗಿರಲಿಲ್ಲ.

ಕೆಳಗಿನ ಪೇಟೆಯಲ್ಲಿ ಹೊಸ ಬೂಟು ಕೊಂಡೆ. ಅಂಗಡಿಯ ಹುಡುಗಿ ನನ್ನ ಹಳೆಯ ಬೂಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಉದುರಿದ ಪುಡಿಯನ್ನೂ ಬಿಡದೆ, ತೆಳು ಕಾಗದದಲ್ಲಿ ಸುತ್ತಿ, ಹೊಸ ಬೂಟಿನ ಪೆಟ್ಟಿಗೆಯಲ್ಲಿ ಮಲಗಿಸಿ, ಹಿಡಿಕೆಯಿರುವ ಚೀಲದಲ್ಲಿಟ್ಟು, ಸೊಂಟ ಬಗ್ಗಿಸಿ ನನಗೇ ಕೊಟ್ಟಳು. ಬೇಡ ಎನ್ನುವ ಜಪಾನಿ ಪದ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಆ ಬಗ್ಗಿದ ಬೆನ್ನಿನ ಮುಂದೆ ಹೇಳಲಾಗುತ್ತಿರಲಿಲ್ಲ. ನಾನೂ ಬಗ್ಗಿ ತೆಗೆದುಕೊಂಡೆ. ಮುಂದೆ ಸಿಗುವ ಕಸದ ಡಬ್ಬಿಗೆ ಹಾಕಿದರಾಯಿತು ಎಂದುಕೊಂಡೆ.

ಮುಂದೆ ಕಸದ ಡಬ್ಬಿ ಸಿಗಲಿಲ್ಲ. ರಸ್ತೆಯಲ್ಲಿಲ್ಲ, ನದಿದಂಡೆಯಲ್ಲಿಲ್ಲ, ಬಸ್ ನಿಲ್ದಾಣದಲ್ಲಿಲ್ಲ. ಇದಕ್ಕೆ ಹೇಳುವ ಕಾರಣ ಕೇಳಿದರೆ ನಗು ಬರುವುದಿಲ್ಲ: 1995ರ ಮಾರ್ಚ್ 20ರಂದು ಟೋಕಿಯೊ ಸುರಂಗ ರೈಲಿನಲ್ಲಿ ಸಾರಿನ್ ವಿಷಾನಿಲ ಬಿಟ್ಟು ಜನರನ್ನು ಕೊಂದ ಮೇಲೆ ಸಾರ್ವಜನಿಕ ಜಾಗಗಳ ಕಸದ ಡಬ್ಬಿಗಳನ್ನು ತೆಗೆಯುತ್ತ ಬಂದರು. ಜನ ತಮ್ಮ ಕಸವನ್ನು ಚೀಲದಲ್ಲಿಟ್ಟುಕೊಂಡು ಮನೆಗೇ ಒಯ್ಯುತ್ತಾರೆ. ಪಾನೀಯ ಮಾರುವ ಯಂತ್ರಗಳ ಪಕ್ಕ ಡಬ್ಬಿಗಳಿವೆ, ಆದರೆ ಅವುಗಳ ಬಾಯಿ ಬಾಟಲಿಯಷ್ಟೇ ಗುಂಡಗೆ. ನಾನು ಸುತ್ತಮುತ್ತ ನೋಡಿ ಬೂಟಿನ ಮೂತಿಯನ್ನು ತುರುಕಿ ಪರೀಕ್ಷಿಸಿದೆ. ಹಿಮ್ಮಡಿ ಸಿಕ್ಕಿಕೊಂಡಿತು. ಹೊರಗೆಳೆಯಲು ತೆಗೆದುಕೊಂಡ ಎರಡು ನಿಮಿಷದಲ್ಲಿ ಶಾಲಾ ಮಕ್ಕಳ ಒಂದು ಸಾಲು ಪೂರ್ತಿ ಹಾದುಹೋಯಿತು. ಅವರಲ್ಲಿ ಒಬ್ಬರೂ ನಗಲಿಲ್ಲ. ಅದು ಇನ್ನೂ ಕಷ್ಟ.

ರಾತ್ರಿ ಕೋಣೆಯಲ್ಲಿ ಇನ್ನೊಂದು ಸಮಸ್ಯೆ. ಬೂಟು ಸುಡುವ ಕಸವೋ, ಸುಡದ ಕಸವೋ? ಊರಿಗೊಂದು ನಿಯಮ. ಶಿಕೊಕು ದ್ವೀಪದ ಕಮಿಕತ್ಸು ಎಂಬಲ್ಲಿ ಕಸವನ್ನು 40ಕ್ಕೂ ಹೆಚ್ಚು ಬಗೆಯಾಗಿ ವಿಂಗಡಿಸುತ್ತಾರೆ ಎಂದು ಓದಿ, ಸದ್ಯ ನಾನು ಅಲ್ಲಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡೆ. ಬೆಳಗ್ಗೆ ಪೆಟ್ಟಿಗೆಯನ್ನು ಕೋಣೆಯ ಕಸದ ಬುಟ್ಟಿಯ ಪಕ್ಕದಲ್ಲಿಟ್ಟು ಹೊರಟೆವು. ಬಾಗಿಲಿನಿಂದ ಐವತ್ತು ಹೆಜ್ಜೆ ಹೋಗಿರಲಿಲ್ಲ, ಹಿಂದೆ ಓಡಿ ಬರುವ ಸದ್ದು. ಕೋಣೆ ಗುಡಿಸುವ ಹೆಂಗಸು, ಎದೆಗವಚಿಕೊಂಡ ಪೆಟ್ಟಿಗೆ. "ವಸುರೆಮೊನೊ!" ಎಂದಳು. ಮರೆತು ಬಿಟ್ಟ ವಸ್ತು. ನಾನು ಬಗ್ಗಿದೆ.

"ಬೂಟಿಗೂ ಒಂದು ಟಿಕೆಟ್ ತೆಗೆಸಿ," ಎಂದಳು ನನ್ನ ಹೆಂಡತಿ.

ಟೋಕಿಯೊಗೆ ಶಿಂಕಾನ್ಸೆನ್ ಎಂಬ ಬುಲೆಟ್ ರೈಲಿನಲ್ಲಿ ಎರಡೂಕಾಲು ಗಂಟೆ. ಹೋಗುವಾಗ ಎಡಗಡೆಯ ಕಿಟಕಿಯಲ್ಲಿ 3,776 ಮೀಟರ್ ಎತ್ತರದ ಫ್ಯೂಜಿ ಕಾಣುತ್ತದೆಂದು ಆ ಬದಿಯ ಸೀಟನ್ನೇ ಹಿಡಿದಿದ್ದೆ. ಅಂದು ಮೋಡವೂ ಇರಲಿಲ್ಲವಂತೆ, ಹೆಂಡತಿ ನೋಡಿದಳು. ನನ್ನ ಕಣ್ಣು ತಲೆಯ ಮೇಲಿನ ಹಲಗೆಯಲ್ಲಿದ್ದ ಪೆಟ್ಟಿಗೆಯ ಮೇಲೆ, ಅದನ್ನು ಸದ್ದಿಲ್ಲದೆ ಬಿಟ್ಟಿಳಿಯುವ ಉಪಾಯದ ಮೇಲೆ. ಟೋಕಿಯೊ ಬಂತು. ಜನರ ನಡುವೆ ತೂರಿ ಇಳಿದೆ, ಬೇಗ ನಡೆದೆ, ಮೆಟ್ಟಿಲ ಹತ್ತಿರ ತಲುಪಿದೆ. ಹಿಂದಿನಿಂದ ಏದುಸಿರು. ನಮ್ಮ ಹಿಂದಿನ ಸಾಲಿನಲ್ಲಿದ್ದ ಮುದುಕರು, ಎಪ್ಪತ್ತೈದಕ್ಕೆ ಕಡಿಮೆಯಿಲ್ಲ, ತಮ್ಮ ಸ್ವಂತ ಪೆಟ್ಟಿಗೆಯನ್ನು ಪ್ಲಾಟ್‌ಫಾರಮ್ಮಿನಲ್ಲೇ ಬಿಟ್ಟು ನನ್ನದನ್ನು ಹಿಡಿದು ಓಡಿ ಬಂದಿದ್ದರು. "ವಸುರೆಮೊನೊ." ಅವರ ಹಣೆಯಲ್ಲಿ ಬೆವರು. ಆ ದೇಶದ ಕಾನೂನಿನ ಪ್ರಕಾರ ಕಳೆದ ವಸ್ತು ತಂದುಕೊಟ್ಟವರಿಗೆ ಅದರ ಬೆಲೆಯ ಶೇಕಡ 5ರಿಂದ 20ರಷ್ಟು ಇನಾಮು ಸಲ್ಲಬೇಕು. ಅಟ್ಟೆಯಿಲ್ಲದ ಬೂಟಿನ ಶೇಕಡ 5 ಎಷ್ಟೆಂದು ಲೆಕ್ಕ ಹಾಕುತ್ತ ನಾನು ಈ ಸಲ ಸೊಂಟ ಮುರಿಯುವಷ್ಟು ಬಗ್ಗಿದೆ. ನಾಚಿಕೆಯಾಗಿತ್ತು, ನಿಜ. ಅದಕ್ಕಿಂತ ಸಿಟ್ಟು ಬಂದಿತ್ತು. ಸಜ್ಜನಿಕೆಗೂ ಒಂದು ಮಿತಿ ಬೇಡವೇ? ಮನುಷ್ಯನಿಗೆ ತನ್ನ ವಸ್ತುವನ್ನು ಕಳೆದುಕೊಳ್ಳುವ ಹಕ್ಕೂ ಇಲ್ಲವೇ? ಆ ಮುದುಕರಿಗೆ ದಾರಿಯಲ್ಲಿ ಏನಾದರೂ ಆಗಿದ್ದರೆ ಅದು ಯಾರ ತಲೆಗೆ?

ಹೊರಡುವ ಹಿಂದಿನ ರಾತ್ರಿ ಮೊಬೈಲ್‌ನ ಅನುವಾದದ ಸಹಾಯದಿಂದ, ಮಕ್ಕಳು ಅಕ್ಷರ ತಿದ್ದುವ ಹಾಗೆ ಒಂದೊಂದೇ ಗೀಟು ನೋಡಿಕೊಂಡು ಒಂದು ಚೀಟಿ ಬರೆದೆ: 'ಇದು ಕಸ. ದಯವಿಟ್ಟು ಎಸೆಯಿರಿ.' ಕಸಕ್ಕೆ ಜಪಾನಿಯಲ್ಲಿ 'ಗೊಮಿ'. ಹೀಗೆ ಆ ಪ್ರವಾಸದಲ್ಲಿ ನಾನು ಕಲಿತ ಪದಗಳು ಎರಡು, ವಸುರೆಮೊನೊ ಮತ್ತು ಗೊಮಿ. ಚೀಟಿಯನ್ನು ಪೆಟ್ಟಿಗೆಯ ಮೇಲಿಟ್ಟು ಬೆಳಗಿನ ಜಾವ ಹೊರಟೆವು. ಹೋಟೆಲಿನ ಬಾಗಿಲಲ್ಲಿ ಹಿಂದೆ ನೋಡಿದೆ. ಯಾರೂ ಇಲ್ಲ. ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯ ಸಾಲಿನಲ್ಲಿ ನೋಡಿದೆ. ವಿಮಾನದ ಬಾಗಿಲು ಮುಚ್ಚುವಾಗಲೂ ಕತ್ತು ಚಾಚಿ ನೋಡಿದೆ. "ಯಾರಿಗೆ ಕಾಯುತ್ತಿದ್ದೀರಿ?" ಎಂದಳು ಹೆಂಡತಿ. ಯಾರಿಗೂ ಇಲ್ಲ ಎಂದೆ. ಆದರೆ ಆ ಓಡಿ ಬರುವ ಹೆಜ್ಜೆಯ ಸದ್ದು ಅಭ್ಯಾಸವಾಗಿಬಿಟ್ಟಿತ್ತು.

ಇಷ್ಟನ್ನೂ ಹಲ್ಲಿನ ಕುರ್ಚಿಯಲ್ಲಿ ಅಂಗಾತ ಬಿದ್ದು ಅಚ್ಚುಕಟ್ಟಾಗಿ ಜೋಡಿಸಿಕೊಂಡೆ. ಇದರಿಂದ ಜಪಾನ್ ನನ್ನ ಇಷ್ಟದ ದೇಶವೆಂದಾಗುತ್ತದೆಯೋ, ಕಾಟ ಕೊಟ್ಟ ದೇಶವೆಂದಾಗುತ್ತದೆಯೋ ಎಂಬುದನ್ನೊಂದು ತೀರ್ಮಾನಿಸುವುದು ಬಾಕಿಯಿತ್ತು. ಅಷ್ಟರಲ್ಲಿ ನಳಿಗೆ, ಕನ್ನಡಿ, ಹತ್ತಿ ಎಲ್ಲವೂ ಹೊರಬಂದವು. "ಬಾಯಿ ಮುಕ್ಕಳಿಸಿ," ಎಂದರು ಡಾಕ್ಟರಮ್ಮ. ಮುಕ್ಕಳಿಸಿದ ನೀರು ಮರಗಟ್ಟಿದ ಬದಿಯಿಂದ ತನ್ನಿಷ್ಟದಂತೆ ಅಂಗಿಯ ಮೇಲೆ ಇಳಿಯಿತು.

ದಂತವೈದ್ಯರ ಬಗ್ಗೆ ಮೊದಲಲ್ಲಿ ಆಡಿದ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಏಕೆಂದರೆ ಅವರು ಕೈಗವಸು ಕಳಚುತ್ತ ಮತ್ತೆ ಕೇಳಿದರು: "ಹೇಳಲೇ ಇಲ್ಲವಲ್ಲ, ಯಾವ ದೇಶ?"

"ಜಪಾನ್" ಎನ್ನಲು ಹೊರಟೆ. ಪವರ್ಗದ ಅಕ್ಷರಗಳಿಗೆ ಎರಡೂ ತುಟಿ ಬೇಕು ಎಂದು ವ್ಯಾಕರಣದ ಮೇಷ್ಟ್ರು ಹೇಳಿಕೊಟ್ಟದ್ದು ಐವತ್ತು ವರ್ಷಗಳ ಮೇಲೆ ಅನುಭವಕ್ಕೆ ಬಂತು. ಕೆಳತುಟಿ ಅರ್ಧ ನನ್ನದಾಗಿರಲಿಲ್ಲ. "ಜಹಾ..." ಎಂದಿತು ಬಾಯಿ.

"ಜರ್ಮನಿಯೇ?"

ತುಟಿ ಸೇರಿಸದೆ ಹೇಳಬಹುದಾದ ಹೆಸರು ಆ ಗಳಿಗೆಯಲ್ಲಿ ಹೊಳೆದದ್ದು ಒಂದೇ.

"ಇಟಲಿ," ಎಂದೆ.

"ನಾನೂ ಅದನ್ನೇ ಅಂದುಕೊಂಡೆ!" ಎಂದರು ಡಾಕ್ಟರಮ್ಮ. "ಮುಂದಿನ ವಾರ ಹಲ್ಲಿಗೆ ಕ್ಯಾಪ್ ಹಾಕಿಸಿಕೊಳ್ಳಲು ಬರುತ್ತೀರಲ್ಲ, ಆಗ ಎಲ್ಲವನ್ನೂ ವಿವರವಾಗಿ ಹೇಳಬೇಕು."