ದಯವಿಟ್ಟು ಬೆಳ್ಳುಳ್ಳಿ ಕಿತ್ತು ನೋಡಬೇಡಿ

ಬೆಳ್ಳುಳ್ಳಿ ಗಡ್ಡೆ ಕಟ್ಟಿದೆಯೋ ಇಲ್ಲವೋ ಅನ್ನುವುದನ್ನು ಎಲೆ ನೋಡಿ ಹೇಳಬಹುದು. ಗಿಡ ಕೀಳಬೇಕಾಗಿಲ್ಲ. ಇಷ್ಟನ್ನು ತಾರಸಿಯ ನೀರಿನ ಟ್ಯಾಂಕಿನ ಮೇಲೆ ಕೆಂಪು ಬಣ್ಣದಲ್ಲಿ ದಪ್ಪಕ್ಷರದಲ್ಲಿ ಬರೆಸಿಬಿಡೋಣ ಅನ್ನಿಸುತ್ತಿದೆ. ಯಾಕೆಂದರೆ ಇವತ್ತು ಬೆಳಿಗ್ಗೆಯೂ ಕ್ರೇಟಿನ ಮೂಲೆಯಲ್ಲಿ ಒಂದು ಗಿಡ ಕತ್ತು ಬಾಗಿಸಿಕೊಂಡು ನಿಂತಿದೆ. ಬುಡದ ಮಣ್ಣು ಸಡಿಲ, ಪಕ್ಕದಲ್ಲೇ ಹೆಬ್ಬೆರಳಿನ ಗುರುತು.

2024ರಲ್ಲಿ ಬೆಳ್ಳುಳ್ಳಿ ಕಿಲೋಗೆ 400 ರೂಪಾಯಿ ಮುಟ್ಟಿದಾಗ ಬೆಂಗಳೂರಿನ ತಾರಸಿಗಳಲ್ಲಿ ಹೂವಿನ ಕುಂಡಗಳೆಲ್ಲ ಏಕಾಏಕಿ ಬೆಳ್ಳುಳ್ಳಿ ಕುಂಡಗಳಾದವು. ಮೊಬೈಲಿನಲ್ಲಿ ಒಬ್ಬರು ಪ್ಲಾಸ್ಟಿಕ್ ಬಾಟಲಿಗೆ ತೂತು ಕೊರೆದು, ಎಸಳು ಸಿಕ್ಕಿಸಿ, ಮೂವತ್ತೇ ದಿನಕ್ಕೆ ಮುಷ್ಟಿ ಗಾತ್ರದ ಗಡ್ಡೆ ತೆಗೆದು ತೋರಿಸುತ್ತಾರೆ. ಮೂವತ್ತು ದಿನಕ್ಕೆ ಬರುವುದು ಸೊಪ್ಪು. ಗಡ್ಡೆ ಬೇಕಿದ್ದರೆ 120ರಿಂದ 140 ದಿನ. ಉಳಿದದ್ದು ಎಡಿಟಿಂಗ್.

ಇನ್ನು ಯಾವ ಬೆಳ್ಳುಳ್ಳಿ ನೆಡಬೇಕು ಅನ್ನುವುದರಲ್ಲೇ ಅರ್ಧ ಜನ ಸೋಲುತ್ತಾರೆ. ಸೂಪರ್ ಮಾರ್ಕೆಟ್ಟಿನಲ್ಲಿ ದಪ್ಪಗೆ, ಬೆಳ್ಳಗೆ ಕಂಡಿತೆಂದು ಬೆಟ್ಟದ ಕಡೆಯ ಬೆಳ್ಳುಳ್ಳಿ ತಂದು ನೆಟ್ಟರೆ ಎಲೆ ಬರುತ್ತದೆ, ಗಡ್ಡೆ ಬರುವುದಿಲ್ಲ. ಅಗ್ರಿಫೌಂಡ್ ಪಾರ್ವತಿಯಂಥ ತಳಿಗಳು ಉತ್ತರದ ಬೆಟ್ಟಗಳ ಉದ್ದನೆಯ ಹಗಲಿಗೆ ಒಗ್ಗಿದವು. ಬೆಂಗಳೂರಿನಲ್ಲಿ ಜೂನ್ ತಿಂಗಳ ಹಗಲೇ 13 ಗಂಟೆ ಮುಟ್ಟುವುದಿಲ್ಲ. ಡಿಸೆಂಬರಿನಲ್ಲಂತೂ 11 ಗಂಟೆ 20 ನಿಮಿಷದ ಆಸುಪಾಸು. ಪಾಪ, ಅದು ಎಷ್ಟು ಕಾದರೂ ಅದರ ಹಗಲು ಬರುವುದಿಲ್ಲ. ಗದಗ, ಹಾವೇರಿ ಕಡೆಯ ಜವಾರಿ ಬೆಳ್ಳುಳ್ಳಿ ಸಿಕ್ಕರೆ ಕಣ್ಣು ಮುಚ್ಚಿ ತನ್ನಿ. ಎಸಳು ಸಣ್ಣ, ಸುಲಿಯುವಾಗ ಉಗುರು ಉರಿಯುತ್ತದೆ, ಆದರೆ ಒಗ್ಗರಣೆಗೆ ಎರಡೇ ಎಸಳು ಬಿದ್ದರೂ ಮೂರನೇ ಮನೆಗೆ ಗೊತ್ತಾಗುತ್ತದೆ.

ನೆಡುವ ಕಾಲ ಚಿತ್ತಾ ಮಳೆ ಮುಗಿದು ಸ್ವಾತಿ ಹಿಡಿಯುವ ಹೊತ್ತು, ಅಂದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ. ಈಗಿನ ಬೆಂಗಳೂರಿನ ಚಳಿ ನಂಬುವ ಹಾಗಿಲ್ಲವಾದ್ದರಿಂದ, ಅದಕ್ಕೂ ಮೂರು ನಾಲ್ಕು ವಾರ ಮುಂಚೆ ಗಡ್ಡೆಯನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿಡಿ. ಫ್ರೀಜರಿನಲ್ಲಲ್ಲ. ಚಳಿ ತಾಗದ ಎಸಳು ಎಷ್ಟೋ ಸಲ ಒಡೆಯದೆ ಒಂದೇ ಗುಂಡಾಗಿ ಕೂತುಬಿಡುತ್ತದೆ. ನೆಡುವ ದಿನ ಗಡ್ಡೆ ಬಿಡಿಸಿ, ಹೊರಸುತ್ತಿನ ದಪ್ಪ ಎಸಳುಗಳನ್ನು ಮಾತ್ರ ಆರಿಸಿ. ಸಿಪ್ಪೆ ಸುಲಿಯಬೇಡಿ. ಕೆಮ್ಮಣ್ಣು, ಕಾಂಪೋಸ್ಟ್, ಕೋಕೋಪೀಟ್ ಸಮಪಾಲು, ಮೇಲೊಂದು ಹಿಡಿ ಬೇವಿನ ಹಿಂಡಿ. ಮೊನೆ ಮೇಲೆ, ಬೇರು ಬರುವ ಚಪ್ಪಟೆ ಭಾಗ ಕೆಳಗೆ, 4–5 ಸೆಂ.ಮೀ. ಆಳ, ಎಸಳಿಂದ ಎಸಳಿಗೆ 10 ಸೆಂ.ಮೀ. ತರಕಾರಿ ಮಂಡಿಯ 60x40 ಸೆಂ.ಮೀ. ಕ್ರೇಟಿಗೆ ಲೆಕ್ಕ ಸರಿಯಾಗಿ 24 ಗಿಡ.

ಈ 24 ಅನ್ನುವ ಸಂಖ್ಯೆ ನೆನಪಿರಲಿ. ಈಗ ಕಿತ್ತುನೋಡಪ್ಪನವರು ಬರುತ್ತಾರೆ.

ಎಲ್ಲ ಬೀದಿಗೂ ಒಬ್ಬರು ಕಿತ್ತುನೋಡಪ್ಪ ಇರುತ್ತಾರೆ. ರಿಟೈರಾಗಿರುತ್ತದೆ, ಬೆಳಗಿನ ವಾಕಿಂಗ್ ಮುಗಿದಿರುತ್ತದೆ, ಕಾಫಿಗೆ ಇನ್ನೂ ಹತ್ತು ನಿಮಿಷ ಇರುತ್ತದೆ. ‘ಏನ್ರೀ, ಗಡ್ಡೆ ಬಂತಾ?’ ಎನ್ನುತ್ತಲೇ ಮೆಟ್ಟಿಲು ಹತ್ತುತ್ತಾರೆ. ‘ಇನ್ನೂ ಇಲ್ಲ ಸಾರ್, ನೆಟ್ಟು ಒಂದು ತಿಂಗಳಾಯ್ತಷ್ಟೆ’ ಎಂದು ಉತ್ತರ ಬರುವಷ್ಟರಲ್ಲಿ ಎರಡು ಬೆರಳು ಗಿಡದ ಕುತ್ತಿಗೆಯ ಮೇಲಿರುತ್ತವೆ. ಒಂದೇ ಎಳೆತ. ಗಿಡ ಕೈಗೆ ಬರುತ್ತದೆ. ಬೇರಿಗಂಟಿದ ಮಣ್ಣನ್ನು ಬೇರೆ ಕೊಡವಿ, ಕನ್ನಡಕ ಹಣೆಗೇರಿಸಿ, ಬೆಳಕಿಗೆ ಹಿಡಿದು, ‘ಈರುಳ್ಳಿ ಸೊಪ್ಪಿನ ಥರಾನೇ ಇದೆಯಲ್ರೀ!’ ಎಂದು ತೀರ್ಪು ಕೊಡುತ್ತಾರೆ. ಇರದೆ ಇನ್ನೇನು? ಮೊದಲ ಎರಡು ತಿಂಗಳು ಬೆಳ್ಳುಳ್ಳಿ ಮಾಡುವ ಕೆಲಸವೇ ಎಲೆ. ಆಮೇಲೆ ಆ ಗಿಡವನ್ನು ಅದೇ ಗುಳಿಯಲ್ಲಿಟ್ಟು, ಮಗುವನ್ನು ಮಲಗಿಸಿದ ಹಾಗೆ ಮಣ್ಣು ತಟ್ಟಿ, ‘ಏನೂ ಆಗಲ್ಲ ಬಿಡಿ, ಹಿಡ್ಕೊಳ್ಳತ್ತೆ’ ಎಂದು ಹೊರಡುತ್ತಾರೆ.

ಹಿಡ್ಕೊಳ್ಳುವುದಿಲ್ಲ. ಬೆಳ್ಳುಳ್ಳಿಯ ಬೇರು ಹೆಚ್ಚು ಆಳಕ್ಕಿಳಿಯುವುದಿಲ್ಲ, ಕವಲೊಡೆಯುವುದೂ ಕಡಿಮೆ. ಎಳೆದಾಗ ನೀರು ಹೀರುವ ತುದಿಗಳೆಲ್ಲ ಮಣ್ಣಲ್ಲೇ ಉಳಿಯುತ್ತವೆ. ಗಿಡ ಬದುಕಿದರೂ ಬೇರು ಮಾಡಿಕೊಳ್ಳುವುದರಲ್ಲೇ ಚಳಿಗಾಲ ಮುಗಿದಿರುತ್ತದೆ.

ಮುಂದಿನ ವಾರ ಮತ್ತೆ ಬರುತ್ತಾರೆ. ಈ ಸಲ ಬೇರೆ ಗಿಡ, ಯಾಕೆಂದರೆ ಹಿಂದಿನ ವಾರದ್ದು ‘ಯಾಕೋ ಬಾಡಿದೆ, ನೀರು ಹಾಕ್ತಿಲ್ವಾ?’ ಮೊದಲ ತಿಂಗಳು ಬಿಟ್ಟು ವಾರಕ್ಕೊಂದರಂತೆ ಲೆಕ್ಕ ಹಾಕಿದರೆ, ಕೊಯ್ಲಿನ ಹೊತ್ತಿಗೆ 14 ಗಿಡ ಪರೀಕ್ಷೆಗೆ ಹೋಗಿರುತ್ತವೆ. ಉಳಿದದ್ದು ಹತ್ತು. ಮಾರ್ಚಿನಲ್ಲಿ ಆ ಹತ್ತನ್ನು ನೋಡಿ ಅವರೇ ಹೇಳುತ್ತಾರೆ: ‘ಇಷ್ಟೇನಾ? ನಿಮ್ಮ ಮಣ್ಣೇ ಸರಿಯಿಲ್ಲ ಕಣ್ರಿ.’

ತಮಾಷೆಯೆಂದರೆ, ಇದೇ ಕಿತ್ತುನೋಡಪ್ಪನವರು ಸೋರೆಮಿಡಿಗೆ ಮಕ್ಕಳು ಬೆರಳು ತೋರಿಸಿದರೆ ಗದರುತ್ತಾರೆ. ‘ಬೆರಳು ತೋರಿಸ್ಬಾರ್ದು, ಮಿಡಿ ಕೊಳೆತುಹೋಗತ್ತೆ!’ ಮಿಡಿಗೆ ಬೆರಳು ತೋರಿಸುವಂತಿಲ್ಲ, ಬೆಳ್ಳುಳ್ಳಿಯ ಜುಟ್ಟು ಹಿಡಿದು ಎಳೆಯಬಹುದು. ಮಿಡಿ ಉದುರಿಸುವುದು ಬೆರಳಲ್ಲ, ಪರಾಗ ಸಿಗದಿರುವುದು. ಸೋರೆ, ಹೀರೆ ಹೂ ಅರಳುವುದು ಸಂಜೆ. ಆ ಹೊತ್ತಿಗೆ ಜೇನುಹುಳುಗಳ ಡ್ಯೂಟಿ ಮುಗಿದಿರುತ್ತದೆ. ಗಂಡುಹೂ ಕಿತ್ತು, ದಳ ಹರಿದು, ಬುಡದಲ್ಲಿ ಪುಟ್ಟ ಕಾಯಿ ಇರುವ ಹೆಣ್ಣುಹೂವಿಗೆ ಸವರಬೇಕು. ಸೊಳ್ಳೆ ಕಚ್ಚುತ್ತದೆ, ಸಹಿಸಿಕೊಳ್ಳಬೇಕು. ಮರುದಿನವೇ ಮಿಡಿಗೊಂದು ಕಾಗದದ ಚೀಲ ಕಟ್ಟಿದರೆ ಹಣ್ಣುನೊಣ ಬಂದು ಮೊಟ್ಟೆ ಚುಚ್ಚುವುದಿಲ್ಲ. ಜತೆಗೆ ಬೆರಳು ತೋರಿಸುವವರಿಗೂ ಏನೂ ಕಾಣುವುದಿಲ್ಲ.

ಇದೆಲ್ಲ ಮಳೆಗಾಲದ ಮಾತು. ಆಗ ಬೀನ್ಸು ಸಸಿಗಳನ್ನು ರಾತ್ರೋರಾತ್ರಿ ಆಫ್ರಿಕನ್ ಬಸವನಹುಳು ಬುಡಸಮೇತ ಮುಗಿಸುತ್ತದೆ. ಒದ್ದೆ ಗೋಣಿಚೀಲ ಹಾಸಿಟ್ಟರೆ ಬೆಳಗಾಗುವಷ್ಟರಲ್ಲಿ ಅದರಡಿ ಸೇರಿರುತ್ತವೆ, ಕೈಗವಸು ಹಾಕಿ ಆರಿಸಿ ಉಪ್ಪುನೀರಿಗೆ ಹಾಕಿ. ಚಳಿಗೆ ಟೊಮೆಟೊ, ಮೆಂತ್ಯ, ಅವರೆ. ಅರ್ಕಾ ರಕ್ಷಕ್ ಟೊಮೆಟೊ ಎಲೆಮುರುಟು ರೋಗವನ್ನು ತಡೆದುಕೊಳ್ಳುತ್ತದೆ, ಆದರೆ ಅದು ಹೈಬ್ರಿಡ್, ಅದರ ಹಣ್ಣಿನ ಬೀಜ ಎತ್ತಿಟ್ಟು ಮುಂದಿನ ವರ್ಷ ಅದೇ ಬರಲಿ ಅಂದರೆ ಬರುವುದಿಲ್ಲ. ಬೇಸಿಗೆಗೆ ಹರಿವೆ ಮತ್ತು ಬೆಂಡೆ. ಕೊತ್ತಂಬರಿಯನ್ನು ಏಪ್ರಿಲಿನಲ್ಲಿ ಬಿತ್ತಿದರೆ ಸೊಪ್ಪಿಗಿಂತ ಮೊದಲು ಹೂ ಬರುತ್ತದೆ. ಅಂಗಡಿಯಿಂದ ಐದು ರೂಪಾಯಿ ಕಟ್ಟು ತರುವುದೇ ಮೇಲು, ಐದು ರೂಪಾಯಿಗೆ ಈಗಲೂ ಸಿಕ್ಕಿದರೆ.

ಬೆಳ್ಳುಳ್ಳಿಗೆ ಬಂದರೆ, ಗಡ್ಡೆ ನೋಡಲೇಬೇಕು ಅನ್ನಿಸಿದರೆ ಬುಡದ ಮೇಲ್ಮಣ್ಣನ್ನು ಬೆರಳಿನಿಂದ ಒಂದು ಇಂಚು ಸರಿಸಿ, ನೋಡಿ, ಮುಚ್ಚಿ. ಎರಡು ತಿಂಗಳ ನಂತರ ಸಗಣಿನೀರು, ಯೂರಿಯಾ ಎರಡೂ ಬಂದ್. ಸಾರಜನಕ ಹೆಚ್ಚಾದರೆ ಎಸಳುಗಳು ನೆಲದಲ್ಲೇ ಮತ್ತೆ ಚಿಗುರಿ ಗಡ್ಡೆ ಬಿರಿಯುತ್ತದೆ. ಎಲೆಯ ಮೇಲೆ ಬೆಳ್ಳಿಗೆರೆ ಕಂಡರೆ ಥ್ರಿಪ್ಸ್ ನುಸಿ. ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ, ಸಂಜೆ ಹೊತ್ತು ಸಿಂಪಡಿಸಿ. ಕೆಳಗಿನ ಎಲೆಗಳು ಹಳದಿಯಾಗಿ, ಕುತ್ತಿಗೆ ಮೆತ್ತಗಾಗುತ್ತಿದ್ದಂತೆ ನೀರು ನಿಲ್ಲಿಸಿ, ಹತ್ತು ಹದಿನೈದು ದಿನ ಬಿಟ್ಟು ಕೈಗುದ್ದಲಿಯಿಂದ ಎಬ್ಬಿಸಿ. ಎಲೆ ಸಮೇತ ನೆರಳಿನಲ್ಲಿ ಎಂಟು ಹತ್ತು ದಿನ ಒಣಗಲಿ.

ಕಿತ್ತುನೋಡಪ್ಪನವರ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ. ಇವರಲ್ಲಿ ಎಷ್ಟೋ ಜನ ಹಸ್ತಾ, ಚಿತ್ತಾ, ಸ್ವಾತಿ ಎಂದು ಮಳೆಯನ್ನು ಹೆಸರು ಹಿಡಿದು ಕರೆಯಬಲ್ಲವರು. ಅಪ್ಪನ ಕಾಲದ ಹೊಲ ಮೂವತ್ತು-ನಲವತ್ತರ ಸೈಟುಗಳಾಗಿ, ಆ ಸೈಟುಗಳ ಮೇಲೆ ಮೂರಂತಸ್ತು ಎದ್ದಿರುತ್ತದೆ. ಉಗುರಿನೊಳಗೆ ಮಣ್ಣು ಸೇರಬೇಕಾದರೆ ಅವರು ಈಗ ಇನ್ನೊಬ್ಬರ ತಾರಸಿಯನ್ನೇ ಹತ್ತಬೇಕು. ಹತ್ತಲಿ. ಮೂಲೆಯಲ್ಲಿ ಅವರಿಗೆಂದೇ ಒಂದು ಕುಂಡಕ್ಕೆ ಹತ್ತು ಎಸಳು ಚುಚ್ಚಿಡಬಹುದು. ಕಿತ್ತದ್ದು ಚಟ್ನಿಗೆ ಸೊಪ್ಪಾಗುತ್ತದೆ.

ಕೊನೆಯ ಎಚ್ಚರಿಕೆ ಅಡುಗೆಮನೆಯದು. ಇದ್ದುದರಲ್ಲಿ ದಪ್ಪನೆಯ ಎರಡು ಗಡ್ಡೆಯನ್ನು ಮುಂದಿನ ಅಕ್ಟೋಬರಿಗೆ ಬಿತ್ತನೆಗೆಂದು ಎತ್ತಿಡಬೇಕು. ಒಂಟಿ ಗುಂಡುಗಳಿದ್ದರೆ ಅವನ್ನೂ ಇಡಿ, ನೆಟ್ಟರೆ ಮುಂದಿನ ವರ್ಷ ಎಸಳೊಡೆದ ಗಡ್ಡೆಯಾಗುತ್ತವೆ. ಆದರೆ ಈರುಳ್ಳಿ ಬುಟ್ಟಿಯ ಪಕ್ಕ ಇಡಬೇಡಿ, ‘ಬೀಜಕ್ಕೆ’ ಎಂದು ಚೀಟಿ ಅಂಟಿಸಿಯೂ ಇಡಬೇಡಿ. ಆಷಾಢದ ಒಂದು ಸಂಜೆ ಮನೆಯಲ್ಲಿ ಬೆಳ್ಳುಳ್ಳಿ ಮುಗಿದಿರುತ್ತದೆ, ಹೊರಗೆ ಮಳೆ, ಒಲೆಯ ಮೇಲೆ ಎಣ್ಣೆ ಕಾದಿರುತ್ತದೆ. ‘ಬೆಳ್ಳುಳ್ಳಿಗೆಲ್ಲಿಯ ಬೀಜ?’ ಎಂದು ಚೀಟಿ ಕಿತ್ತೆಸೆದು, ಎರಡೂ ಗಡ್ಡೆಯನ್ನು ಜಜ್ಜಿ ಸಾರಿಗೆ ಹಾಕಿ, ಊಟಕ್ಕೆ ಕರೆಯುತ್ತಾರೆ.