ಎರಡು ಪಿಕ್ಸೆಲ್ ಜಗಳ

ನಮ್ಮ ಆ್ಯಪ್ ಹೇಗೆ ಕಾಣಬೇಕು ಅಂತ ಚಿತ್ರ ಬರೆಯೋದು ಡಿಸೈನರ್, ಅದನ್ನು ಕೋಡಿನಲ್ಲಿ ಕಟ್ಟೋದು ನಾನು. ಅವರು ಬೆಳಿಗ್ಗೆ ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದು ನಿಂತರೆ ನನಗೆ ಮೇಷ್ಟ್ರು ಉತ್ತರಪತ್ರಿಕೆ ಹಿಡಿದುಕೊಂಡು ಬಂದ ಹಾಗಾಗುತ್ತದೆ. ಅವತ್ತೂ ಬಂದರು. ಕಣ್ಣು ಕಿರಿದು ಮಾಡಿ ನನ್ನ ಸ್ಕ್ರೀನ್ ನೋಡಿದರು.

"ಈ ಬಟನ್ ಒಳಗಿನ ಅಕ್ಷರ ಎರಡು ಪಿಕ್ಸೆಲ್ ಮೇಲಿದೆ, ಅಲ್ವಾ?"

"ಇಲ್ವಲ್ಲ! ಮೇಲೆ 12, ಕೆಳಗೆ 12 ಪಿಕ್ಸೆಲ್ ಜಾಗ ಕೊಟ್ಟಿದ್ದೀನಿ. ಕೋಡ್ ನೋಡಿ ಬೇಕಾದ್ರೆ."

"ಕೋಡ್ ಯಾರು ನೋಡ್ತಾರೆ? ಬಟನ್ ನೋಡಿ."

ನನಗೂ ಹಟ ಬಂತು. ಅವರು ಸ್ಕ್ರೀನ್‌ಶಾಟ್ ತೆಗೆದು ಅದರ ಮೇಲೆ ಕೆಂಪು ಗೆರೆ ಎಳೆದರು. ನಾನು ಡ್ರಾಯರ್‌ನಿಂದ ಸ್ಕೇಲ್ ತೆಗೆದು ಮಾನಿಟರ್ ಮೇಲೇ ಇಟ್ಟೆ. ಪಿಕ್ಸೆಲ್ಲನ್ನು ಮರದ ಸ್ಕೇಲಿನಲ್ಲಿ ಅಳೆದ ಮೊದಲ ಡೆವಲಪರ್ ನಾನೇ ಇರಬೇಕು. ಅಷ್ಟರಲ್ಲಿ ಸುತ್ತ ನಾಲ್ಕು ಜನ ಸೇರಿದ್ದರು. ಅವರಲ್ಲೊಬ್ಬ, ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗ, ಮೆಲ್ಲಗೆ ಕೇಳಿದ: "ಸರ್, ನಿಮ್ಮ ಬ್ರೌಸರ್ ಜೂಮ್ 110 ಇದೆ. ಬೇಕಂತಲೇ ಇಟ್ಟಿದ್ದೀರಾ?"

ಕನ್ನಡಕ ಮಾಡಿಸೋದನ್ನು ಮುಂದೂಡುತ್ತಾ ಬಂದಿದ್ದರ ಫಲ ಅದು. ಜೂಮ್ 100ಕ್ಕೆ ತಂದೆ. ಎರಡು ಪಿಕ್ಸೆಲ್ ಒಂದಾಯಿತು. ಉಳಿದ ಒಂದು ಫಾಂಟ್‌ನದು. ಪ್ರತಿ ಫಾಂಟ್‌ಗೂ ಅಕ್ಷರದ ಮೇಲೆ ಇಷ್ಟು, ಕೆಳಗೆ ಇಷ್ಟು ಅಂತ ತನ್ನದೇ ಜಾಗ ಇರುತ್ತದೆ, ಅದು ಎರಡೂ ಕಡೆ ಸಮ ಇರಲೇಬೇಕೆಂದಿಲ್ಲ. ಸಾಲಿನ ಎತ್ತರ ಜಾಸ್ತಿ ಕೊಟ್ಟರೆ ಸಿಎಸ್ಎಸ್ (ಪುಟದ ರೂಪ ಹೇಳುವ ಕೋಡ್) ಆ ಹೆಚ್ಚಿನದನ್ನು ಮೇಲೆ ಅರ್ಧ, ಕೆಳಗೆ ಅರ್ಧ ಹಂಚುತ್ತದೆ, ಫಾಂಟ್‌ನ ಏರುಪೇರು ಹಾಗೇ ಉಳಿಯುತ್ತದೆ. ಅಂಕಿ ಸರಿ, ಕಣ್ಣಿಗೆ ತಪ್ಪು. ಇದೆಲ್ಲ ಗೊತ್ತಾಗಿದ್ದು ಜಗಳ ಮುಗಿದ ಮೇಲೆ.

ಬೂದು ಬಣ್ಣದ ಕಥೆ ಇದಕ್ಕಿಂತ ಕೆಟ್ಟದ್ದು. ಡಿಸೈನ್‌ನಲ್ಲಿ ಕಾರ್ಡಿನ, ಅಂದರೆ ಮಾಹಿತಿ ತೋರಿಸುವ ಚೌಕದ, ಹಿಂದೆ ತೆಳು ಬೂದು ಇತ್ತಂತೆ. ನನಗೆ ಕಂಡಿದ್ದು ಬಿಳಿ, ಬಿಳಿಯನ್ನೇ ಹಾಕಿದೆ. "ನನ್ನ ಬೂದು ಎಲ್ಲಿ?" ಅಂತ ಕೇಳಿದರು, ಮನೆಯಲ್ಲಿ ಬೆಕ್ಕು ಕಳೆದುಹೋದವರ ಹಾಗೆ. ಅವರು ಡಿಸೈನ್ ಬರೆಯುವ ಫಿಗ್ಮಾ ಸಾಫ್ಟ್‌ವೇರ್ ತೆರೆದು ಬಣ್ಣದ ಸಂಖ್ಯೆ ನೋಡಿದರೆ ಎಫ್7ಎಫ್7ಎಫ್7. ಶುದ್ಧ ಬಿಳಿಗೂ ಅದಕ್ಕೂ ಇರೋದು, ಕಪ್ಪಿನಿಂದ ಬಿಳಿಯವರೆಗಿನ 255 ಮೆಟ್ಟಿಲಲ್ಲಿ 8 ಮೆಟ್ಟಿಲು. ಅವರ ಒಳ್ಳೆಯ ಸ್ಕ್ರೀನಿನಲ್ಲಿ ಅದು ಕಾಣುತ್ತದೆ. ನನ್ನ ಹಳೇ ಮಾನಿಟರಿನಲ್ಲಿ, ಬ್ರೈಟ್‌ನೆಸ್ ಪೂರ್ತಿ ಏರಿಸಿಟ್ಟಿರುವಾಗ, ಇಲ್ಲವೇ ಇಲ್ಲ. ಅರ್ಧ ಗಂಟೆ ಇಬ್ಬರೂ ಸೇರಿ ಮಾನಿಟರನ್ನು ಆ ಕಡೆ ಈ ಕಡೆ ಓರೆ ಮಾಡಿದೆವು. ಒಂದು ಕೋನದಲ್ಲಿ ಕಂಡಿತು. ಬಳಸುವವರೆಲ್ಲ ಕುತ್ತಿಗೆ ಓರೆ ಮಾಡಲಿ ಅಂದೆ. ನಗಲಿಲ್ಲ.

ನಾನೂ ಒಂದು ಸಲ ಗೆದ್ದಿದ್ದೇನೆ, ಹೇಳಿಕೊಳ್ಳಬೇಕು. ಸ್ಕ್ರೀನ್ ಮುಚ್ಚಲು ಒತ್ತುವ X ಗುರುತನ್ನು 16 ಪಾಯಿಂಟ್ ಅಳತೆಗೆ ಬರೆದಿದ್ದರು. ಬೆರಳಿಗೆ ಕನಿಷ್ಠ 44 ಪಾಯಿಂಟ್ ಜಾಗ ಬೇಕು ಅಂತ ಆಪಲ್ ಹೇಳುತ್ತದೆ, ಆಂಡ್ರಾಯ್ಡ್‌ನವರದು 48. ಈ ಎರಡು ಅಂಕಿಯನ್ನು ಆ ವಾರವಿಡೀ ಕಾರಣವಿಲ್ಲದೆಯೂ ಹೇಳಿಕೊಂಡು ಓಡಾಡಿದೆ.

ಅವರ ಡಿಸೈನ್‌ನಲ್ಲಿ ಬದುಕು ಚೆನ್ನಾಗಿರುತ್ತದೆ. ಎಲ್ಲರ ಹೆಸರೂ ನಾಲ್ಕೇ ಅಕ್ಷರ, ಎಲ್ಲರೂ ಫೋಟೊ ಹಾಕಿರುತ್ತಾರೆ, ಪಟ್ಟಿಯಲ್ಲಿ ಸರಿಯಾಗಿ ಐದು ಸಾಲು. ಮೊದಲ ದಿನವೇ 43 ಅಕ್ಷರದ ಹೆಸರಿನವರೊಬ್ಬರು ಬಂದರು. ಹೆಸರು ಬಟನ್ ದಾಟಿ, ಅಂಚು ದಾಟಿ, ಸ್ಕ್ರೀನಿನಿಂದ ಆಚೆ ನಡೆದುಬಿಟ್ಟಿತು.

ಪಟ್ಟಿ ಪೂರ್ತಿ ಖಾಲಿ ಇದ್ದರೆ ಏನು ತೋರಿಸಬೇಕು ಅನ್ನೋದಕ್ಕೆ ಚಿತ್ರವೇ ಇರಲಿಲ್ಲ. ಕೇಳೋಣ ಅಂದುಕೊಂಡೆ. ರಾತ್ರಿ ಹನ್ನೊಂದಾಗಿತ್ತು. ಸದ್ಯಕ್ಕೆ ಇರಲಿ ಅಂತ "ಇಲ್ಲಿ ಏನೂ ಇಲ್ಲ, ಹೋಗಿ ಮಲ್ಕೊಳ್ಳಿ" ಅಂತ ಬರೆದೆ. ಬೆಳಿಗ್ಗೆ ತೆಗೆಯೋಣ ಅಂದುಕೊಂಡಿದ್ದು ಮರೆತೇ ಹೋಯಿತು. ಮೂರನೇ ದಿನ ಅದು ಜನರ ಫೋನಿಗೆ ಹೋಗಿತ್ತು.

ಅದರ ಸ್ಕ್ರೀನ್‌ಶಾಟ್ ಹಿಡಿದುಕೊಂಡು ಡಿಸೈನರ್ ನನ್ನ ಮೇಜಿನ ಹತ್ತಿರ ಬಂದರು. ನಾನು ಕ್ಷಮೆ ಕೇಳೋಕೆ ಬಾಯಿ ತೆರೆದೆ.

"ಇದು ನಡುವೆ ಇಲ್ಲ," ಅಂದರು. "ಮೂರು ಪಿಕ್ಸೆಲ್ ಎಡಕ್ಕಿದೆ."