ಎರಡು ಮಹಡಿ ಎಣಿಸುವವರು ಬೇಕಾಗಿದ್ದಾರೆ

ಥರ್ಟಿ-ಫಾರ್ಟಿ ಸೈಟಿನ ಮನೆಗೆ ಇನ್ನು ಓಸಿ, ಅಂದರೆ ನಕ್ಷೆಯಂತೆ ಕಟ್ಟಿದೆ, ವಾಸಕ್ಕೆ ಬರಬಹುದು ಎನ್ನುವ ಪತ್ರ, ಬೇಡವಂತೆ. ಗ್ರೌಂಡ್ ಪ್ಲಸ್ ಎರಡು, ಇಲ್ಲವೇ ಸ್ಟಿಲ್ಟ್ (ಕಂಬಗಳ ಮೇಲೆ ನಿಂತ ಪಾರ್ಕಿಂಗ್) ಪ್ಲಸ್ ಮೂರು, ಅಷ್ಟರೊಳಗಿದ್ದರೆ ಕರೆಂಟು. ಓಸಿ ಇಲ್ಲದ ಮನೆಗೆ ಕರೆಂಟು-ನೀರು ಕೊಡಬೇಡಿ ಎಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಮೀಟರಿಲ್ಲದೆ ಒದ್ದಾಡುತ್ತಿದ್ದವರಿಗೆ ಸರ್ಕಾರ ಹಚ್ಚಿದ ನಂದಾದೀಪ. ಸರಿ, ಎರಡಕ್ಕೇ ನಿಂತಿದೆಯೋ ಇಲ್ಲವೋ ಎಣಿಸುವವರು ಯಾರು? ಮೀಟರ್ ಹಾಕಲು ಬಂದ ಲೈನ್‌ಮನ್ ಕತ್ತೆತ್ತಿ ನೋಡಿದರೆ ಉಂಟು.

ಬೆಂಗಳೂರಲ್ಲಿ ಪ್ಲಾನ್ ಅಂದರೆ ಜಾತಕ. ಮದುವೆಗೆ ಮುಂಚೆ ಬೇಕು, ಆಮೇಲೆ ಯಾರೂ ತೆಗೆದು ನೋಡುವುದಿಲ್ಲ. ನಕ್ಷೆಗೆ ಅನುಮತಿ ಕೊಡುವ ತನ್ನ ಯೋಜನೆಗೆ ಪಾಲಿಕೆ ‘ನಂಬಿಕೆ ನಕ್ಷೆ’ ಎಂದೇ ಹೆಸರಿಟ್ಟಿದ್ದು ಸುಮ್ಮನಲ್ಲ. ನಕ್ಷೆಯಲ್ಲಿ ಪಾರ್ಕಿಂಗ್ ಎಂದಿದ್ದದ್ದು ಶಟರ್ ಬಿದ್ದು ಅಂಗಡಿ ಆಗುತ್ತದೆ, ಕಾರು ರಸ್ತೆಗೆ. ಮೆಟ್ಟಿಲಿನ ಹೆಡ್‌ರೂಮಿಗೆ ಮೊದಲು ಶೀಟ್ ಬರುತ್ತದೆ, ಶೀಟಿಗೆ ಆಸರೆಯಾಗಿ ಹಾಲೋ ಬ್ಲಾಕ್, ಮೂಲೆಗೊಂದು ಬಾತ್‌ರೂಮ್, ಕೊನೆಗೆ ‘ಬ್ಯಾಚುಲರ್ಸ್‌ಗೆ ಬಾಡಿಗೆಗಿದೆ’ ಬೋರ್ಡು.

ಬಾಲ್ಕನಿಯ ವಿಷಯಕ್ಕೆ ಬನ್ನಿ, ಅದೇ ನಮ್ಮ ನಿಜವಾದ ವಾಸ್ತುಶಿಲ್ಪ. ಕೆಳಗೆ ಸೈಟು ಮುಗಿದರೇನು, ಮೊದಲ ಮಹಡಿಯಿಂದ ಮೂರಡಿ ರಸ್ತೆಯ ಮೇಲೆ ಚಾಚಿಕೊಳ್ಳಬಹುದು. ಹೀಗೆ ಚಾಚಿದ ಸ್ಲ್ಯಾಬು ಎಳೆದುಕೊಳ್ಳುವುದು ಮೇಲ್ಭಾಗದಲ್ಲಿ, ಹಾಗಾಗಿ ಮುಖ್ಯ ಕಂಬಿ ಮೇಲೆಯೇ ಇರಬೇಕು, ಗೋಡೆಯ ಒಳಕ್ಕೂ ಸಾಕಷ್ಟು ಹೋಗಿರಬೇಕು. ಮೇಸ್ತ್ರಿ ಹಾಗೇ ಕಟ್ಟಿರುತ್ತಾನೆ ಅನ್ನೋಣ. ಮೋಲ್ಡ್ ದಿನ, ಅಂದರೆ ಕಾಂಕ್ರೀಟ್ ಸುರಿಯುವ ದಿನ, ಬಾಂಡ್ಲಿ ಹೊತ್ತವರು ಅದರ ಮೇಲೇ ಓಡಾಡುತ್ತಾರೆ. ಕೆಳಗೆ ಎತ್ತಿ ಹಿಡಿಯುವ ಚೇರ್ ಕಂಬಿ ಇಟ್ಟಿಲ್ಲದಿದ್ದರೆ ಮೇಲಿನ ಕಂಬಿ ತಳಕ್ಕೆ ಕೂರುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ಗೋಡೆ ಸೇರುವಲ್ಲಿ ಉದ್ದಕ್ಕೂ ಬಿರುಕು. ಬಿರುಕಿಗೆ ಪುಟ್ಟಿ ಬಳಿದು, ತುದಿಯಲ್ಲಿ ಗೋಡೆ ಕಟ್ಟಿ, ವಾಷಿಂಗ್ ಮೆಷಿನ್ ಕೂರಿಸುವುದು ಗೃಹಕೃತ್ಯ.

ಇನ್ನು ಟೆರೇಸಿನಲ್ಲಿ ಆಕಾಶ ನೋಡುತ್ತಾ ನಿಂತ ಕಂಬಿಗಳು. 16 ಎಂಎಂ ಕಂಬಿಯಾದರೆ ಅದರ 50 ಪಟ್ಟು, 800 ಎಂಎಂ ಬಿಟ್ಟರೆ ಮುಂದಿನ ಮಹಡಿಯ ಕಂಬಿಗೆ ಹಿಡಿತ. ಬಿಟ್ಟಿರುವುದು ಒಂದಡಿ. ಐದು ವರ್ಷ ತುಕ್ಕು ತಿಂದ ಆ ಒಂದಡಿಗೆ ಹೊಸ ಕಂಬಿ ಸುತ್ತಿ ಮೂರನೆಯ, ನಾಲ್ಕನೆಯ ಮಹಡಿ ಏರುತ್ತವೆ. ಬುನಾದಿಯ ಫುಟಿಂಗ್ ಮಾತ್ರ ಪಾಪ ಪ್ರಾಮಾಣಿಕ, ಅದಿನ್ನೂ ಎರಡು ಮಹಡಿಯ ಲೆಕ್ಕದಲ್ಲೇ ಇದೆ.

ಅಕ್ರಮ-ಸಕ್ರಮವಂತೂ ಮನೆಯವರೇ ಆಗಿಹೋಗಿದೆ. ವಾಸದ ಮನೆಯಲ್ಲಿ ಅರ್ಧದಷ್ಟು ತಪ್ಪಿದ್ದರೂ ದಂಡ ಕಟ್ಟಿ ಶುದ್ಧವಾಗುವ ಸ್ಕೀಮು. 2014ರಲ್ಲಿ ನಿಯಮ, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ. ತಡೆ ಬಿದ್ದದ್ದು ಸಕ್ರಮಕ್ಕೆ. ಅಕ್ರಮಕ್ಕೆ ಯಾರೂ ತಡೆ ಕೊಟ್ಟಿರಲಿಲ್ಲ.

ನಕ್ಷೆ ನಂಬಿ ಒಂದು ಮೀಟರ್, ಅಂದರೆ ಮೂರೂಕಾಲು ಅಡಿ, ಸೆಟ್‌ಬ್ಯಾಕ್ ಎಂದು ಗಡಿಯಲ್ಲಿ ಖಾಲಿ ಬಿಟ್ಟ ಮಹಾನುಭಾವರೂ ಇದ್ದಾರೆ. ಅವರ ಆ ಮೂರೂಕಾಲು ಅಡಿಗೆ ಪಕ್ಕದ ಮನೆಯ ಚಿಮಣಿ ಬಾಯಿ ಬಿಟ್ಟುಕೊಂಡಿರುತ್ತದೆ, ದಿನಾ ಬೆಳಿಗ್ಗೆ ಒಗ್ಗರಣೆ ಪುಕ್ಕಟೆ.

ನಗು ಸಾಕು. 2024ರ ಅಕ್ಟೋಬರಿನ ಮಳೆಯಲ್ಲಿ ಬಾಬುಸಾಪಾಳ್ಯದಲ್ಲಿ ಬಿದ್ದದ್ದು ಅನುಮತಿ ಮೀರಿ ಮಹಡಿ ಏರಿಸಿದ್ದ ಕಟ್ಟಡ. ಏರುತ್ತಿದ್ದದ್ದು ರಸ್ತೆಗೆಲ್ಲ ಕಾಣುತ್ತಿತ್ತು. ಒಂದೊಂದು ಮಹಡಿಗೂ ಸೆಂಟ್ರಿಂಗ್ ಹೊಡೆದು, ಮೋಲ್ಡ್ ಹಾಕಿ, ಕ್ಯೂರಿಂಗಿಗೆ ನೀರು ನಿಲ್ಲಿಸಲು ವಾರಗಳು ಬೇಕು, ರಾತ್ರೋರಾತ್ರಿ ಏಳುವ ಅಣಬೆಯಲ್ಲ ಅದು. ಸತ್ತವರು ಬಾಡಿಗೆ ಎಣಿಸುವವರಲ್ಲ, ಕೂಲಿಯವರು.